ಮೊದಲು ಕಪ್ಪು, ಆಮೇಲೆ ಬೂದು

ಗೋಧಿ ಉಗ್ರಾಣದ ಹಿಂದೆ, ರೈಲು ಹಳಿಯ ಈಚೆ,
ಸಿಮೆಂಟಿನ ಇಳಿಜಾರು, ನಡುವೆ ಗೇಣಗಲದ ತೂತು,
ತೂತಿಗೊಂದು ಕಬ್ಬಿಣದ ಮುಚ್ಚಳ. ಇದು ನನ್ನ ಅಂಗಡಿ.
ತಲೆಗೆ ಐದು ಡಾಲರು. ನಾನಿಲ್ಲದಿದ್ದರೆ ಡಬ್ಬಕ್ಕೆ ಹಾಕಿ.

ನೆಬ್ರಾಸ್ಕಾದ ಈ ಮೂಲೆಗೆ ಮೊದಲ ಹಿಮ ಬೀಳುವ ತನಕ
ಚಕ್ರದ ಮೇಲೆ ಮನೆ ಇಟ್ಟುಕೊಂಡವರು ಬರುತ್ತಾರೆ:
ನಿವೃತ್ತ ನ್ಯಾಯಾಧೀಶ, ಜೇನುಪೆಟ್ಟಿಗೆ ಸಾಗಿಸುವ ದಂಪತಿ,
ಗಿಳಿಗೆ ಬೈಬಲ್ ಓದಿ ಹೇಳುವ ಪಾದ್ರಿಯ ವಿಧವೆ.
ಎಲ್ಲರ ಕೈಗೂ ಅದೇ ನೀಲಿ ರಬ್ಬರು ಗವಸು.
ಈ ಕೆಲಸಕ್ಕೆಂದೇ ಹುಟ್ಟಿದ ಜನ ಅಂತ ಇಲ್ಲಿಲ್ಲ.
ತುಂಬಿದವರೇ ಇಳಿಸಬೇಕು.

ಅಕ್ಟೋಬರಿನ ಕೊನೆಗೆ ಮಾರ್ಸೆಲಾ ಡುಫ್ರೇನ್ ಬಂದಳು.
ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವಳು.
ಹಿಮ್ಮುಖವಾಗಿ ಬಂದು, ಒಂದೇ ಏಟಿಗೆ, ತೂತಿನ ಪಕ್ಕ ನಿಲ್ಲಿಸಿದಳು.
ನಾನು ಕುರ್ಚಿಯಿಂದ ಎದ್ದು ನಿಂತೆ.
ಗಾಡಿ ಹಳೆಯದು, ಕೊಂಡದ್ದು ನಿನ್ನೆ.
ಯಾರೋ ಎಲ್‌ವುಡ್ ಕ್ರಾಂಟ್ಜ್, ಜುಲೈಯಲ್ಲಿ ತೀರಿಕೊಂಡನಂತೆ.
ತಂಗಿ ಮಾರಿದಳು, ಬಾಣಲೆ, ಪರದೆ, ಗೋಡೆಯ ಕ್ಯಾಲೆಂಡರು ಸಮೇತ.

"ತೊಟ್ಟಿ ಮೂರರಲ್ಲಿ ಎರಡು ಪಾಲು ತುಂಬಿದೆ ಅನ್ನುತ್ತಿದೆ ದೀಪ."
"ಆ ದೀಪ ಸುಳ್ಳುಬುರುಕ," ಅಂದೆ. "ಎಲ್ಲ ಗಾಡಿಯಲ್ಲೂ.
ಒಳಗಿನ ಮೊಳೆಗೆ ಒಂದು ಚೂರು ಕಾಗದ ಅಂಟಿದರೆ ಸಾಕು,
ಜನ್ಮವಿಡೀ ತುಂಬಿದೆ ತುಂಬಿದೆ ಅನ್ನುತ್ತಲೇ ಇರುತ್ತೆ."

ಕಲಿಸಿದೆ. ಮೊದಲು ಕಪ್ಪು, ಆಮೇಲೆ ಬೂದು.
ಕಪ್ಪೆಂದರೆ ಕಕ್ಕಸಿನದು.
ಬೂದೆಂದರೆ ಮಿಂದದ್ದು, ಪಾತ್ರೆ ಬೆಳಗಿದ್ದು.
ಕಪ್ಪು ಹೋದ ದಾರಿಯಲ್ಲೇ ಸಾಬೂನಿನ ಬೂದು ಹರಿದು
ಕೊಳವೆಯನ್ನು ತೊಳೆಯಲಿ.
ತಿರುಗುಮುರುಗು ಮಾಡುವವರು ಒಂದೇ ಸಲ ಮಾಡುತ್ತಾರೆ.
ಮತ್ತೆ, ಕಪ್ಪಿನ ಕವಾಟ ತೆರೆದೇ ಇಟ್ಟು
ತಿಂಗಳುಗಟ್ಟಲೆ ಒಂದೇ ಕಡೆ ಇರಬೇಡ.
ನೀರು ಜಾರಿಕೊಳ್ಳುತ್ತೆ, ಗಟ್ಟಿಯದು ಉಳಿಯುತ್ತೆ,
ಉಳಿದದ್ದು ಹುತ್ತ ಕಟ್ಟುತ್ತೆ.
ತುಂಬಲು ಬಿಡು. ಒಮ್ಮೆಗೇ ಹೋಗಬೇಕಾದರೆ ಭಾರ ಬೇಕು.

"ನನ್ನ ಮೊದಲ ಗಂಡನ ಹಾಗೆ," ಅಂದಳು.
ಹುತ್ತವೋ ಭಾರವೋ, ನಾನು ಕೇಳಲಿಲ್ಲ.

ಹಿಡಿ ಎಳೆದಳು.
ಕೊಳವೆ ಕರುವಿನ ಹಾಗೆ ಒದೆಯಿತು.
ದೀಪ ಈ ಸಲ ನಿಜ ಹೇಳಿತ್ತು.

ಕೊಳವೆಯ ತಿರುವಿನಲ್ಲಿ ಗಾಜಿನಂಥ ಒಂದು ತುಂಡು ಇರುತ್ತೆ,
ಹೋಗುವುದು ಕಾಣಲಿ ಎಂದು. ಹೊಸಬರು ಮುಖ ತಿರುಗಿಸುತ್ತಾರೆ.
ಅವಳು ಬಗ್ಗಿ ನೋಡಿದಳು.
ಕೆಸರು, ಡಿಕಾಕ್ಷನ್ನು, ತೆಳ್ಳಗಿನ ಚಹಾ,
ಆಮೇಲೆ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಏಳೆಂಟು ಟೊಮೇಟೊ ಬೀಜ.
ಯಾವ ಹೊಟ್ಟೆಗೂ ಸೋಲದ ವಸ್ತು.

"ಇದು ನನ್ನದಲ್ಲ," ಅಂದಳು.
ಗಾಡಿ ನಿನ್ನದು ತಾನೆ, ಅನ್ನಬೇಕೆಂದಿದ್ದೆ. ಅನ್ನಲಿಲ್ಲ.
ತಂಗಿ ಫ್ರಿಜ್ ಉಜ್ಜಿದ್ದಳು, ಹಾಸಿಗೆ ಬಿಸಿಲಿಗೆ ಹಾಕಿದ್ದಳು,
ಕಾಗದಪತ್ರಕ್ಕೆ ವಕೀಲನೂ ಬಂದು ಹೋಗಿದ್ದ.
ಅಣ್ಣನ ಕೊನೆಯ ವಾರ ನೆಲದ ಕೆಳಗೆ ಕೂತೇ ಇತ್ತು
ಮೂರು ತಿಂಗಳು, ಕತ್ತಲಲ್ಲಿ, ಯಾರಾದರೂ ಹಿಡಿ ಎಳೆಯಲೆಂದು.

ವಾಸನೆ? ಇತ್ತು. ಇಲ್ಲ ಅನ್ನುವವನು ಕವಿ.

"ಎಲ್‌ವುಡ್," ಅಂದಳು ಕೊಳವೆಗೆ, ಬಸ್ಸಿನ ಹುಡುಗರಿಗೆ ಅನ್ನುವ ದನಿಯಲ್ಲಿ,
"ಟೊಮೇಟೊ ಚೆನ್ನಾಗಿತ್ತೇನೋ?"

ಆಮೇಲೆ ಬೂದು.
ಕಾಫಿಪುಡಿಯ ಚರಟ, ಒಂದು ಎಳೆ ನೂಡಲ್ಸು,
ನಿಂಬೆಹಣ್ಣಿನ ಸಾಬೂನಿನ ನೊರೆ.
ಸಾಯುವ ಮೊದಲು ಬಾಣಲೆ ತೊಳೆದಿಟ್ಟಿದ್ದ ಮನುಷ್ಯ.
ಬೀಜಗಳು ಒಂದೊಂದಾಗಿ ಬಿಟ್ಟುಕೊಟ್ಟವು.
ಒಂದು ಬಿಡಲಿಲ್ಲ. ಉಗುರಿನಿಂದ ತಟ್ಟಿದಳು, ಹೋಯಿತು.

ಕೊಳವೆಯನ್ನು ತಲೆಯೆತ್ತರಕ್ಕೆ ಎತ್ತಿ
ಕೈಮೇಲೆ ಕೈ ಇಡುತ್ತ ತೂತಿನ ತನಕ ನಡೆದಳು.
ತೊಟ್ಟಿಗೆ ಮತ್ತೆ ಎರಡು ಬಕೆಟ್ ನೀರು:
ಖಾಲಿ ಮಾಡಬಹುದು, ಒಣಗಲು ಬಿಡಬಾರದು.
ಗವಸು ಕಳಚಿ ಡಬ್ಬದ ಹತ್ತಿರ ಹೋದಳು.

ಗಾಡಿ ಹೊರಟಿತು, ದಕ್ಷಿಣಕ್ಕೆ, ಅರಿಜೋನಾಕ್ಕೆ.
ಕಿಟಕಿಯಿಂದ ಕೂಗಿದಳು: "ಈಗಲೂ ಎರಡು ಪಾಲು ಅನ್ನುತ್ತಿದೆ!"
"ಅನ್ನಲಿ ಬಿಡು!"

ಇಳಿಜಾರಿಗೆ ನೀರು ಹೊಡೆದು, ಮುಚ್ಚಳ ಹಾಕಿ,
ಸಂಜೆ ಡಬ್ಬ ಬಿಚ್ಚಿದರೆ ಹತ್ತು ಡಾಲರು.
ಚಿಲ್ಲರೆ ಕೊಡಬೇಕಿತ್ತಲ್ಲ ಅಂದುಕೊಂಡೆ.
ಲೆಕ್ಕ ಆಮೇಲೆ ಹೊಳೆಯಿತು. ಇಬ್ಬರದು.